ಒದ್ದೆ ಉಮೇದುವಾರ

ಆ ಶನಿವಾರ ಬೆಳಿಗ್ಗೆ ನೀರಿನ ಟ್ಯಾಂಕರ್ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಪ್ರೇಮಕುಮಾರ ಇವತ್ತು ಪುಣೆ ಪಕ್ಕದ ದೇಹೂ ರೋಡಿನ ಕನ್ನಡ ಕ್ರೈಸ್ತ ಸಭೆಗೆ ಪಾಲಕ, ಅಂದರೆ ಪಾದ್ರಿ, ಆಗಿರುತ್ತಿದ್ದ. ಟ್ಯಾಂಕರ್ ತಡವಾಗಿ ಬಂತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಮೆಟ್ಟಿಲಿಳಿಯುವುದಕ್ಕೂ, ಟ್ಯಾಂಕರಿನವನು ಸೊಸೈಟಿಯ ನೆಲದೊಳಗಿನ ನೀರಿನ ಟಾಕಿಗೆ ಪೈಪು ಇಳಿಸುವುದಕ್ಕೂ ಸರಿಹೋಯಿತು.

"ಪ್ರೇಮಾ, ಒಂದ್ ಸ್ವಲ್ಪ ಬಗ್ಗಿ ನೋಡೋ, ಎಷ್ಟ ನೀರು ಬಿದ್ದದ," ಎಂದರು ಮನೆಯ ಮಾಲಕಿ ಕೃಷ್ಣಾಬಾಯಿ. "ಈ ಮನಷ್ಯಾ ಹೋದ ಸರ್ತಿ ಅರ್ಧಾ ಹಾಕಿ ಪೂರಾ ಅಂದಾನ. ನಂಗ ಬಗ್ಗಲಿಕ್ಕೆ ಆಗೂದಿಲ್ಲ, ನಡಾ ಹಿಡೀತದ."

"ಕಾಕೂ, ಇವತ್ತ ನಂದು ಇಂಟರ್‌ವ್ಯೂ ಐತ್ರಿ, ಹನ್ನೊಂದಕ್ಕ."

"ಇಂಟರ್‌ವ್ಯೂ ಹನ್ನೊಂದಕ್ಕ ಅದ. ನೀರು ಈಗ ಅದ."

ಈ ತರ್ಕಕ್ಕೆ ಬೈಬಲ್ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ.

ಆ ಹನ್ನೊಂದು ಗಂಟೆಯ ಇಂಟರ್‌ವ್ಯೂ ಅವನಿಗೆ ಸಣ್ಣ ಸಂಗತಿಯಲ್ಲ. ಪ್ರೇಮಕುಮಾರ ಗದಗ-ಬೆಟಗೇರಿಯವನು, ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಮನೆತನ. ಪ್ರಸಂಗ, ಅಂದರೆ ಸಭೆಗೆ ಧರ್ಮೋಪದೇಶ, ಹೇಳಬೇಕೆಂಬ ಆಸೆ ಹೈಸ್ಕೂಲಿನಿಂದಲೂ ಇತ್ತು. ಎಲ್ಲಿ ಹೇಳಬೇಕೆಂಬುದು ಮಾತ್ರ ತಿಳಿದಿರಲಿಲ್ಲ. ಬೀದರದಲ್ಲಿ ಮೆಥಡಿಸ್ಟರ ಹಾಸ್ಟೆಲಿನಲ್ಲಿದ್ದು ಓದಿದ. ಪುಣೆಗೆ ಬಂದು ಬೈಬಲ್ ಕಾಲೇಜು ಮುಗಿಸಿದ. ಆಮೇಲೆ ಬ್ಯಾಪ್ಟಿಸ್ಟರ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕತೆ ಹೇಳಿದ, ಸಾಲ್ವೇಶನ್ ಆರ್ಮಿಯವರ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿದ. ಎಲ್ಲರೂ ಬೆನ್ನು ತಟ್ಟಿದರು. ಪ್ರಸಂಗಪೀಠದ ಮಾತು ಬಂದಾಗ ಎಲ್ಲರೂ ಹೇಳಿದ್ದು ಒಂದೇ: "ಹುಡುಗ ಒಳ್ಳೆಯವನು, ಆದರೆ ನಮ್ಮವನಲ್ಲ."

ಈಗ ದೇಹೂ ರೋಡಿನ ಕನ್ನಡ ಸಭೆಯಲ್ಲಿ ಪಾಲಕರ ಜಾಗ ಖಾಲಿಯಾಗಿತ್ತು. ಧಾರವಾಡ, ಗದಗ, ಹುಬ್ಬಳ್ಳಿಯ ಕಡೆಯಿಂದ ಮಿಲಿಟರಿ ಡಿಪೋದ ಕೆಲಸಕ್ಕೆಂದು ಬಂದು ಅಲ್ಲೇ ನೆಲೆಸಿದವರ ಸಭೆ. ಪದ್ಧತಿಯೆಲ್ಲ ಬಾಸೆಲ್ ಮಿಶನ್ನಿನದು. ಅಂತೂ ಒಂದು ಕಡೆ ಅವನು 'ನಮ್ಮವನು' ಆಗಿದ್ದ. ಆ ಭರವಸೆಯಲ್ಲಿ ಹಿಂಜವಾಡಿಯಲ್ಲಿ ಕಂಪನಿ ಕ್ಯಾಬುಗಳ ಪಾಳಿ ನೋಡಿಕೊಳ್ಳುತ್ತಿದ್ದ ನೌಕರಿಗೆ ಶುಕ್ರವಾರ ಸಂಜೆಯೇ ರಾಜೀನಾಮೆ ಕೊಟ್ಟು ಬಂದಿದ್ದ. ಅದಕ್ಕೆ ಅವನು ವಿಶ್ವಾಸ ಎಂದ. ಕೃಷ್ಣಾಬಾಯಿಯ ಗಂಡ ಮಾರ್ತಾಂಡರಾಯರು ಅವಸರ ಎಂದರು.

ಪ್ರೇಮಕುಮಾರ ಬಗ್ಗಿದ. ಟಾಕಿಯ ಬಾಯಿಯ ಅಂಚಿಗೆ ಪಾಚಿ ಕಟ್ಟಿತ್ತು. ಹೊಸ ಬೂಟಿನ ಅಟ್ಟೆಗೆ ಪಾಚಿಯ ಪರಿಚಯವಿರಲಿಲ್ಲ. ಅಂಚೆಡಬ್ಬಿಗೆ ಹಾಕಿದ ಕಾಗದದಂತೆ ಅವನು ಸದ್ದಿಲ್ಲದೆ, ನೆಟ್ಟಗೆ ಒಳಗೆ ಹೋದ.

"ಅಯ್ಯೋ ಮಗನs!" ಎಂದು ಕೃಷ್ಣಾಬಾಯಿ ಚೀರಿದರು.

"ಅರೇ, ಮಾಣೂಸ್ ಪಡಲಾ!" ಎಂದು ಟ್ಯಾಂಕರಿನವನು ಮನುಷ್ಯ ಬಿದ್ದದ್ದನ್ನು ಮರಾಠಿಯಲ್ಲಿ ಸಾರಿ, ನೀರು ನಿಲ್ಲಿಸುವ ಗಡಿಬಿಡಿಯಲ್ಲಿ ಇನ್ನಷ್ಟು ಬಿಟ್ಟ.

ಅದೇ ಗಳಿಗೆಗೆ ಗೇಟಿನೊಳಗೆ ಬಂದವನು ಬಾಬು. ಕೋಲಾರದ ಹುಡುಗ, ಹಿಂಜವಾಡಿಯ ಪೆಂಟೆಕೋಸ್ಟ್ ಸಭೆಯಲ್ಲಿ ಕಿರಿಯ ಪ್ರಸಂಗಿ, ಪ್ರೇಮಕುಮಾರನ ಗೆಳೆಯ. ಇಂಟರ್‌ವ್ಯೂಗೆ ಮೊದಲು ಗೆಳೆಯನಿಗಾಗಿ ಪ್ರಾರ್ಥನೆ ಮಾಡಿ ಹೋಗೋಣವೆಂದು ಸ್ಕೂಟರಿನಲ್ಲಿ ಬಂದಿದ್ದ. "ಅಯ್ಯೋ ತಂದೆಯೇ!" ಎನ್ನುತ್ತ ಓಡಿ ಬಂದು ಟಾಕಿಯ ಪಕ್ಕ ಮಂಡಿಯೂರಿದ. ಅಷ್ಟರಲ್ಲಿ ನೀರಿನೊಳಗಿಂದ ಪ್ರೇಮಕುಮಾರನ ತಲೆ ಮೇಲೆ ಬಂತು. ಪೆಟ್ಟೇನಾದರೂ ಬಿದ್ದಿದೆಯೋ ಎಂದು ನೋಡಲು ಬಾಬು ಆ ತಲೆಯ ಮೇಲೆ ಒಂದು ಕೈಯಿಟ್ಟ, ಪೈಪು ಮುಚ್ಚು ಎಂದು ಟ್ಯಾಂಕರಿನವನಿಗೆ ಸನ್ನೆ ಮಾಡಲು ಇನ್ನೊಂದು ಕೈ ಮೇಲೆತ್ತಿದ, ಗೆಳೆಯ ಬದುಕಿದ್ದಾನೆಂಬ ಸಂತೋಷಕ್ಕೆ "ಹಲ್ಲೆಲೂಯ!" ಎಂದು ಕೂಗಿದ. ಬಾಬುವಿಗೆ ಅದು ಉಸಿರಾಟದಷ್ಟು ಸಹಜ. ಸಿಗ್ನಲ್ ಹಸಿರಾದರೂ ಹಲ್ಲೆಲೂಯ, ಗ್ಯಾಸ್ ಸಿಲಿಂಡರ್ ಬಂದರೂ ಹಲ್ಲೆಲೂಯ.

ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಧನುಶ್ರೀ ನಿಂತಿದ್ದಳು. ಕನ್ನಡ ಸಭೆಯ ಗಾಯನವೃಂದದಲ್ಲಿ ಹಾಡುವವಳು, ಸಭೆಯ ವಾಟ್ಸ್‌ಆ್ಯಪ್ ಗುಂಪು ನಡೆಸುವವಳೂ ಅವಳೇ. ತಡವಾಗಿ ಬಂದ ಟ್ಯಾಂಕರಿನ ಫೋಟೋ ತೆಗೆದು ಸೊಸೈಟಿಯವರಿಗೆ ಕಳಿಸಬೇಕೆಂದು ಮೊಬೈಲು ಹಿಡಿದು ಬಂದಿದ್ದಳು. ಅವಳಿಗೆ ಕಂಡದ್ದು ಇಷ್ಟು: ಬಿಳಿ ಬಟ್ಟೆಯ ಪ್ರೇಮಕುಮಾರ ನೀರಿನಿಂದ ಎದ್ದು ಬರುತ್ತಿದ್ದಾನೆ. ಪೆಂಟೆಕೋಸ್ಟಿನ ಪ್ರಸಂಗಿ ಅವನ ತಲೆಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯನ್ನು ಆಕಾಶಕ್ಕೆ ಚಾಚಿ ಹಲ್ಲೆಲೂಯ ಹೇಳುತ್ತಿದ್ದಾನೆ. ಧನುಶ್ರೀಗೆ ಯಾರಿಗೂ ಕೇಡು ಬಯಸುವ ಸ್ವಭಾವವಿಲ್ಲ. ಸುದ್ದಿಯನ್ನು ತಡೆದಿಟ್ಟುಕೊಳ್ಳುವ ಸ್ವಭಾವವೂ ಇಲ್ಲ. ಫೋಟೋ ಸಭೆಯ ಗುಂಪಿಗೆ ಹೋಯಿತು.

ಇದರಲ್ಲಿ ಗಾಬರಿಯಾಗುವಂಥದು ಏನಿದೆ ಎಂಬುದನ್ನು ಹೇಳಬೇಕು. ಬಾಸೆಲ್ ಮಿಶನ್, ಮೆಥಡಿಸ್ಟ್ ಮುಂತಾದ ಹಳೆಯ ಸಭೆಗಳಲ್ಲಿ ಮಗು ಕೈಗೂಸಾಗಿರುವಾಗಲೇ ಹಣೆಗೆ ನೀರು ಚಿಮುಕಿಸಿ, ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಕೊಡುತ್ತಾರೆ. ಅದು ಜನ್ಮಕ್ಕೆ ಒಂದೇ ಸಲ. ಪೆಂಟೆಕೋಸ್ಟ್ ಸಭೆಗಳಲ್ಲಿ ಹಾಗಲ್ಲ. ಬುದ್ಧಿ ಬಂದವನು ತಾನಾಗಿ ಕೇಳಿಕೊಂಡು ಪೂರ್ತಿ ನೀರಿನಲ್ಲಿ ಮುಳುಗಿ ಏಳಬೇಕು. ಚಿಮುಕಿಸಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕಂದಿನಲ್ಲಿ ಚಿಮುಕಿಸಿಕೊಂಡವನು ದೊಡ್ಡವನಾಗಿ ಮುಳುಗಿದರೆ ಹಳೆಯ ಸಭೆಯವರಿಗೆ ಅದು ಎರಡನೆಯ ದೀಕ್ಷಾಸ್ನಾನ. ಅಂಥವನಿಗೆ ಕನ್ನಡ ಸಭೆಯ ಪ್ರಸಂಗಪೀಠ ಮುಚ್ಚಿದ ಬಾಗಿಲು.

ಪ್ರೇಮಕುಮಾರ ಮನೆಗೆ ಹೋಗಿ ತಲೆ ಒರೆಸಿಕೊಂಡು, ಚಾರ್ಜಿಗೆ ಹಾಕಿಟ್ಟಿದ್ದ ಮೊಬೈಲು ಎತ್ತಿಕೊಳ್ಳುವಷ್ಟರಲ್ಲಿ ಗುಂಪು ಕುದಿಯುತ್ತಿತ್ತು. "ಇವರು ನಮ್ಮ ಉಮೇದುವಾರರಲ್ಲವೇ?" ಎಂದು ಒಬ್ಬರು. "ಇಂಟರ್‌ವ್ಯೂ ದಿನವೇ?" ಎಂದು ಇನ್ನೊಬ್ಬರು. ಯಾರೋ ಮೂರು ಕೈಮುಗಿದ ಚಿತ್ರ ಹಾಕಿದರು. ಅದು ಖಂಡನೆಯೋ ಅಭಿನಂದನೆಯೋ ತಿಳಿಯಲಿಲ್ಲ. "ಕುಡಿಯುವ ನೀರಿನಲ್ಲಿ ಇದನ್ನೆಲ್ಲ ಮಾಡಬಹುದೇ?" ಎಂದು ಒಬ್ಬರು ಬೇರೆಯೇ ಪ್ರಶ್ನೆ ಎತ್ತಿದರು.

ಅವನ ಬಳಿ ಇದ್ದ ಇನ್ನೊಂದು ಒಳ್ಳೆಯ ಅಂಗಿ ಇಸ್ತ್ರಿಯವನ ಹತ್ತಿರ ಇತ್ತು. ಇಸ್ತ್ರಿಯವನು ಊರಿಗೆ ಹೋಗಿದ್ದ. ಗೇಟಿನ ಪಕ್ಕದ ಕಿರಾಣಿ ಅಂಗಡಿಯ ನಿಜಲಿಂಗಪ್ಪ ತನ್ನದೊಂದು ಬಿಳಿ ಅಂಗಿ ಕೊಟ್ಟ. ನಿಜಲಿಂಗಪ್ಪ ಬೈಲಹೊಂಗಲದ ಕಡೆಯ ದೊಡ್ಡ ಆಳು. ಆ ಅಂಗಿಯೊಳಗೆ ಪ್ರೇಮಕುಮಾರ ಮದುವೆಯ ಪೆಂಡಾಲಿನೊಳಗೆ ದಾರಿ ತಪ್ಪಿದ ಹುಡುಗನಂತೆ ಕಂಡ.

"ಏನ್ರಿ ಅಯ್ನೋರ, ಮಠಾ ಬದಲ ಮಾಡಿದ್ರಂತ?" ಎಂದ ನಿಜಲಿಂಗಪ್ಪ.

"ಇಲ್ರಿ ಸಾವ್ಕಾರ್ರ, ಟಾಕ್ಯಾಗ ಬಿದ್ದೆ. ಕಾಲು ಜಾರಿತು."

"ನಮ್ಮಲ್ಲೂ ಒಂದ್ ಮಠಾ ಬಿಟ್ಟು ಇನ್ನೊಂದ್ ಮಠಕ್ಕ ಹೋದವರು ಹಂಗs ಹೇಳ್ತಾರ್ರಿ." ನಿಜಲಿಂಗಪ್ಪ ದನಿ ತಗ್ಗಿಸಿದ. "ನಾಚಬ್ಯಾಡ್ರಿ. ಆ ಹಿಂಜವಾಡಿ ಮಠಕ್ಕ ಭಕ್ತರು ಭಾಳ ಅದಾರಂತ. ಕಾರ್ ನಿಲ್ಲಸಾಕ ಜಾಗಾ ಐತಂತ. ಇಲ್ಲೇನೈತಿ? ನಾಕು ಮುದುಕರು, ಒಂದು ಹಾರ್ಮೋನಿಯಂ."

ಪ್ರೇಮಕುಮಾರ ಅಂಗಿಯನ್ನು ಎರಡು ಸಲ ಮಡಚಿ ಪ್ಯಾಂಟಿನೊಳಗೆ ತುರುಕಿಕೊಂಡು ಹೊರಟ. ಬಾಬು ಆಗಲೇ ಹೋಗಿಬಿಟ್ಟಿದ್ದ.

ಕನ್ನಡ ಸಭೆಯ ಕೋಣೆಯಲ್ಲಿ ಇಬ್ಬರು ಹಿರಿಯರು ಕೂತಿದ್ದರು. ಅಧ್ಯಕ್ಷರು ಜಯವಂತ ಹಂಚಿನಮನಿ, ಡಿಪೋದ ಲೆಕ್ಕಪತ್ರದ ಖಾತೆಯಿಂದ ನಿವೃತ್ತರಾದವರು. ಅವರ ಬಾಯಿಂದ 'ಸುಮಾರು' ಎಂಬ ಶಬ್ದವನ್ನು ಯಾರೂ ಕೇಳಿರಲಿಲ್ಲ. ಪಕ್ಕದಲ್ಲಿ ಬೀದರದ ಸಾಮುವೇಲಪ್ಪ. ಅವರು ಹುಟ್ಟಿನಿಂದ ಮೆಥಡಿಸ್ಟರು, ಹತ್ತಿರದಲ್ಲಿ ಬೇರೆ ಕನ್ನಡ ಸಭೆ ಇಲ್ಲವೆಂದು ಇಲ್ಲಿಗೆ ಬರುವವರು. ಅವರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಊಟದ ಹೊತ್ತು ಮೀರಬಾರದೆಂಬುದು ಅವರ ಮುಖ್ಯ ಸಿದ್ಧಾಂತ.

ಹಂಚಿನಮನಿಯವರು ಮೊಬೈಲನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. "ಇದು ಯಾರು?"

"ನಾನ್ರಿ ಸರ."

"ತಲೀ ಮ್ಯಾಲೆ ಕೈ ಯಾರದು?"

"ಬಾಬುಂದ್ರಿ."

"ಬಾಬು ಏನ್ ಮಾಡ್ತಾನ?"

"ಹಿಂಜವಾಡಿ ಸಭಾದಾಗ ಪ್ರಸಂಗ ಹೇಳ್ತಾನ್ರಿ." ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. "ಸರ, ನಾ ಬಿದ್ದದ್ರಿ. ಕಾಕು ನೀರು ನೋಡಂದ್ರು, ನೋಡಾಕ ಹೋದೆ, ಬಿದ್ದೆ."

"ಪೂರ್ತಿ ಮುಳಗಿದ್ಯೋ, ಎದೀ ಮಟಾನೋ?"

"ಮದ್ಲ ಪೂರ್ತಿ ಹೋದೆ. ಆಮ್ಯಾಲೆ ಎದೀ ಮಟ ಬಂದೆ."

ಸುಳ್ಳು ಹೇಳುವುದನ್ನು ಆ ಹುಡುಗ ಎಲ್ಲೂ ಕಲಿತಿರಲಿಲ್ಲ. ಹಂಚಿನಮನಿಯವರು ಕನ್ನಡಕ ಸರಿಮಾಡಿಕೊಂಡರು. "ನೀ ನೀರಾಗ ಇದ್ದಾಗ ಯಾರರೆ ಏನರೆ ಅಂದರೇನು? ನೆನಪು ಮಾಡ್ಕೊಂಡು ಹೇಳು."

"ಬಾಬು ಅಯ್ಯೋ ತಂದೆಯೇ ಅಂದ್ರಿ."

ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ದೀಕ್ಷಾಸ್ನಾನ ಕೊಡುವುದು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಿ.

"ಮತ್ತ?"

"ಕೃಷ್ಣಾಬಾಯಿ ಕಾಕು ಅಯ್ಯೋ ಮಗನs ಅಂದ್ರು."

"ತಂದೆ ಆತು. ಮಗ ಆತು." ಹಂಚಿನಮನಿಯವರು ಬೆರಳು ಮಡಚಿದರು. "ಮೂರನೇದ್ದು?"

"ಟ್ಯಾಂಕರಿನವ ಮಾಣೂಸ್ ಪಡಲಾ ಅಂದ್ರಿ."

"ಅದು ಲೆಕ್ಕಕ್ಕ ಇಲ್ಲ," ಎಂದರು ಸಾಮುವೇಲಪ್ಪ ಚುರುಕಾಗಿ. "ಪವಿತ್ರಾತ್ಮನ ಹೆಸರು ಬಂದಿಲ್ಲ ನೋಡ್ರಿ. ದೀಕ್ಷಾಸ್ನಾನ ಪೂರಾ ಆಗಿಲ್ಲ. ಹುಡುಗ ಸಾಫ್ ಅದಾನ. ನಡೀರಿ, ಊಟಕ್ಕ ಏಳಮು."

ಹಂಚಿನಮನಿಯವರ ಮುಖ ತುಸು ಸಡಿಲವಾಯಿತು. ಆ ಸಡಿಲವಾದ ಗಳಿಗೆಯಲ್ಲಿ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಥರ್ಮಾಸು, ಇನ್ನೊಂದು ಕೈಯಲ್ಲಿ ಟವೆಲ್ಲು ಹಿಡಿದು ಕೃಷ್ಣಾಬಾಯಿ ಒಳಗೆ ಬಂದರು.

ಸ್ನಾನದ ವಿಷಯದಲ್ಲಿ ಹುಡುಗನ ನೌಕರಿಗೆ ತೊಂದರೆಯಾಗಿದೆಯಂತೆ ಎಂದು ನಿಜಲಿಂಗಪ್ಪ ಅವರಿಗೆ ಹೇಳಿದ್ದ. ಧಾರವಾಡದ ಮಡಿಯ ಮನೆಯಲ್ಲಿ ಬೆಳೆದ ಕೃಷ್ಣಾಬಾಯಿಗೆ ಅಷ್ಟೇ ಸಾಕಾಯಿತು. ದೇವರ ಕೆಲಸಕ್ಕೆ ಹೋಗುವವನ ಸ್ನಾನದ ಬಗ್ಗೆ ತಕರಾರು ಅಂದರೆ, ಸ್ನಾನ ಸರಿಯಾಗಿ ಆಗಿಲ್ಲವೆಂಬ ತಕರಾರೇ ಇರಬೇಕು. ಬೇರೆ ಎಂಥ ತಕರಾರು ಇದ್ದೀತು? ತನ್ನಿಂದಾಗಿ ಬಿದ್ದ ಹುಡುಗನನ್ನು ತಾನೇ ಎತ್ತಬೇಕೆಂದು ರಿಕ್ಷಾ ಹಿಡಿದು ಬಂದಿದ್ದರು.

"ನೋಡ್ರಿ, ನಾ ಕಣ್ಣಾರೆ ಕಂಡೇನಿ, ನನ್ನ ಮಾತು ಕೇಳ್ರಿ," ಎಂದು ಕುರ್ಚಿ ಎಳೆದುಕೊಂಡರು. "ಹುಡುಗ ಮೂರು ಸರ್ತಿ ಮುಳಗಿ ಎದ್ದಾನ."

"ಕಾಕೂ!" ಎಂದ ಪ್ರೇಮಕುಮಾರ.

"ನೀ ಸುಮ್ಮಿರೋ, ಮಾಡಿದ್ದು ಹೇಳ್ಕೊಳ್ಳಿಕ್ಕೆ ಏನ್ ನಾಚಿಗಿ? ಮೂರು ಸರ್ತಿ ಅಂದ್ರ ಮೂರು ಸರ್ತಿ. ಕೈ ಮುಗಕೊಂಡಿದ್ದ. ಪೂರ್ವಕ್ಕ ಮಾರೀ ಇತ್ತು. ಬಾಯಾಗ ಏನೋ ಅನ್ನಲಿಕ್ಹತ್ತಿದ್ದ, ಮಂತ್ರನs ಇರಬೇಕು."

"ಕಾಪಾಡ್ರಿ ಅನ್ನಾಕತ್ತಿದ್ದೆ, ಕಾಕೂ!"

"ಅದನ್ನs ಅಲ್ಲೇನೋ ಎಲ್ಲಾರೂ ದೇವರಿಗೆ ಅನ್ನೋದು?" ಕೃಷ್ಣಾಬಾಯಿ ಹಿರಿಯರತ್ತ ತಿರುಗಿದರು. "ಟಾಕೀ ನೀರು ಅಂತ ಸಂಶಯಾ ಬ್ಯಾಡ್ರಿ. ಟ್ಯಾಂಕರು ಪವಿತ್ರ ಇಂದ್ರಾಯಣಿ ಹೊಳೀಂದನs ತುಂಬಿಕೊಂಡು ಬರ್ತದ. ಭಾಳ ಶುದ್ಧ ಹುಡುಗ ಇದಾನ್ರಿ. ಸ್ವಲ್ಪ ಕಷಾಯ ತಗೋತೀರೇನು?"

ಕಷಾಯ ಯಾರಿಗೂ ಬೇಕಿರಲಿಲ್ಲ. ಸಾಮುವೇಲಪ್ಪ ಗೋಡೆಯ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು.

"ಮೂರು ಸಲ," ಎಂದರು ಹಂಚಿನಮನಿ. "ಕೈ ಮುಗದು. ಪ್ರಾರ್ಥನಾ ಮಾಡ್ಕೋತ."

"ಸರ, ಅವರು ನಂಗ ಒಳ್ಳೇದು ಮಾಡಾಕ ಹೇಳ್ತಾರ್ರಿ."

"ಅದಕ್ಕs ನಂಬಬೇಕಾಗ್ತದ. ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಸುಳ್ಳು ಹೇಳಿ ಅವರಿಗೇನು ಲಾಭ?" ಹಂಚಿನಮನಿಯವರು ಎದ್ದು ನಿಂತರು. "ಒಂದs ದಾರಿ. ಆ ಬಾಬು ತಾನs ಬಂದು ನನ್ನ ಮುಂದ ಹೇಳಬೇಕು, ನಾ ದೀಕ್ಷಾಸ್ನಾನ ಕೊಟ್ಟಿಲ್ಲ ಅಂತ. ಸಂಜೀಕ ನಿರ್ಣಯ. ನಾಳೆ ಮುಂಜಾನೆ ಪೀಠದ ಮ್ಯಾಲೆ ಯಾರರೆ ನಿಂದ್ರಬೇಕಲ್ಲ."

ಪ್ರೇಮಕುಮಾರ ಹೊರಗೆ ಬಂದು ಬಾಬುವಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಮತ್ತೆ ಸ್ವಿಚ್ ಆಫ್. ಶನಿವಾರ ಮಧ್ಯಾಹ್ನ ಹಿಂಜವಾಡಿಯ ಸಭೆಯಲ್ಲಿ ಪ್ರಾರ್ಥನೆಯ ಕೂಟವಿರುತ್ತದೆ, ಬಾಬು ಅಲ್ಲೇ ಇರಬೇಕು ಎಂದು ಹೊರಟ. ನಿನ್ನೆಯವರೆಗೆ ಅವನ ಕೈಕೆಳಗಿದ್ದ ಕ್ಯಾಬ್ ಡ್ರೈವರ್ ಮಾಂತು ಹೆದ್ದಾರಿಯಲ್ಲಿ ಸಿಕ್ಕಿ ಹತ್ತಿಸಿಕೊಂಡ.

"ಸರ, ನೌಕರಿ ಬಿಟ್ರಂತಲ್ಲ? ದೇವರ ಕಡೆ ಡ್ಯೂಟಿ ಸಿಕ್ತಂತ?"

"ಇನ್ನೂ ಆರ್ಡರ್ ಬಂದಿಲ್ಲ ಮಾಂತು."

"ಅಲ್ಲೂ ಲೇಟ್ ಏನ್ರಿ?" ಎಂದ ಮಾಂತು ನಿಜವಾದ ಮರುಕದಿಂದ.

ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಅವರು ಆಮೆಯ ಹಿಂದೆ ಹೊರಟ ಆಮೆಯಂತೆ ಸಾಗಿ ತಲುಪಿದಾಗ ಕೂಟ ರಂಗೇರಿತ್ತು. ಸಭೆ ನಡೆಯುತ್ತಿದ್ದುದು ತಗಡಿನ ದೊಡ್ಡ ಶೆಡ್ಡಿನಲ್ಲಿ. ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು. ಹೊರಗೆ ಪಾರ್ಕಿಂಗಿನಲ್ಲಿ ಗಾಳಿ ತುಂಬಿದ ನೀಲಿ ಪ್ಲಾಸ್ಟಿಕ್ಕಿನ ಈಜುಕೊಳ, ಅದರ ಸುತ್ತ ನಗುವ ಡಾಲ್ಫಿನ್ನುಗಳ ಚಿತ್ರ. ಆ ದಿನ ಕೆಲವರ ದೀಕ್ಷಾಸ್ನಾನವಿತ್ತು.

ಪ್ರೇಮಕುಮಾರ ಬಾಗಿಲಲ್ಲಿ ಕಾಣಿಸಿದ್ದೇ ತಡ, ಇಡೀ ಶೆಡ್ಡು ಚಪ್ಪಾಳೆ ತಟ್ಟಿತು. ಫೋಟೋ ಇಲ್ಲಿಗೂ ಬಂದಿತ್ತು. ಪಾಸ್ಟರ್ ಕೆಂಪಯ್ಯ ಮೈಕು ಹಿಡಿದೇ ಎದುರು ಬಂದು ಅಪ್ಪಿಕೊಂಡರು. ಮಂಡ್ಯದ ಕಡೆಯವರು, ಮೈಕು ಇಲ್ಲದೆಯೂ ಅವರ ದನಿ ಎರಡು ಬೀದಿ ದಾಟುತ್ತಿತ್ತು.

"ಬಂದ್ಯಾ ತಮ್ಮ! ಒಂದೇ ಬೇಜಾರು ಕಣಪ್ಪ, ನಮ್ಮನ್ನ ಕರೀದೇ ಮುಳುಗ್‌ಬಿಟ್ಯಲ್ಲ."

"ಪಾಸ್ಟರ್, ನಾ ಮುಳುಗಿಲ್ರಿ. ಬಿದ್ದೆ."

"ಎಲ್ಲಾರೂ ಬಿದ್ದೋರೇ ಕಣಪ್ಪ!" ಎಂದರು ಪಾಸ್ಟರು ಮೈಕಿನಲ್ಲಿ.

"ಆಮೆನ್!" ಎಂದಿತು ಶೆಡ್ಡು.

"ಅಲ್ರಿ, ಅಲ್ಲಿ ಪಾಚಿ ಇತ್ತು. ಕಾಲು ಜಾರಿತು."

"ಈ ಲೋಕಾನೇ ಪಾಚಿ! ಎಂಥೆಂಥೋರ ಕಾಲು ಜಾರಿಲ್ಲ ಇಲ್ಲಿ!"

"ಆಮೆನ್!"

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು. ಪ್ರೇಮಕುಮಾರ ಜೀವನದಲ್ಲಿ ಮಾಡಿದ ಮೊದಲ ಪ್ರಸಂಗ ಇದು; ಇಷ್ಟು ಪರಿಣಾಮಕಾರಿಯಾದೀತೆಂದು ಅವನು ಎಣಿಸಿರಲಿಲ್ಲ. ಅವನು ಪಾಸ್ಟರ ಕೈಯಿಂದ ಮೈಕನ್ನು ಮೆಲ್ಲಗೆ ಬದಿಗೆ ಸರಿಸಿ, ಕಿವಿಯಲ್ಲಿ ಕೇಳಿದ: "ಬಾಬು ಎಲ್ಲಿ ಅದಾನ್ರಿ?"

"ಬೆಳಗ್ಗೆಯಿಂದ ಪತ್ತೆ ಇಲ್ಲ. ಫೋನೂ ಸ್ವಿಚ್ ಆಫು."

ಆಗ ಜೇಬಿನಲ್ಲಿ ಮೊಬೈಲು ನಡುಗಿತು. ಕನ್ನಡ ಸಭೆಯ ಗುಂಪಿನಲ್ಲಿ ಧನುಶ್ರೀಯ ಸಂದೇಶ: "ಸಭಾಪಾಲಕರ ಆಯ್ಕೆ ಮುಗಿದಿದೆ. ಹೊಸ ಪಾಲಕರು ನಾಳೆ ಬೆಳಿಗ್ಗೆ ಪ್ರಸಂಗ ಮಾಡುವರು. ಹೆಸರನ್ನು ಹಿರಿಯರು ತಿಳಿಸುವರು."

ಪ್ರೇಮಕುಮಾರ ಪಾರ್ಕಿಂಗಿಗೆ ಬಂದು ಡಾಲ್ಫಿನ್ನುಗಳ ಪಕ್ಕದಲ್ಲಿ ಕೂತ. ಆಯ್ಕೆ ಮುಗಿದಿದೆ. ತಾನು ಇಲ್ಲಿದ್ದೇನೆ, ಬಾಬು ಎಲ್ಲೂ ಇಲ್ಲ. ಅಂದಮೇಲೆ ಆಯ್ಕೆಯಾದವನು ಬೇರೆ ಯಾರೋ. ಬೆಳಿಗ್ಗೆಯಿಂದ ಅವನು ಮುಳುಗಿದ್ದಾನೆಂದು ಧನುಶ್ರೀಯ ಫೋಟೋ ಹೇಳಿತು, ಹಿರಿಯರು ಹೇಳಿದರು, ಕೃಷ್ಣಾಬಾಯಿ ಮೂರು ಸಲ ಎಂದರು, ಹಿಂಜವಾಡಿ ಚಪ್ಪಾಳೆ ತಟ್ಟಿತು. ಇಲ್ಲ ಎಂದವನು ಅವನೊಬ್ಬನೇ. ಇಷ್ಟು ಜನರ ಮಾತಿನಲ್ಲಿ ಏನೂ ಇಲ್ಲವೇ? ದೇವರ ಕರೆ ಮೆಲುದನಿಯಲ್ಲಿ ಬರುತ್ತದೆಂದು ಕಾಲೇಜಿನಲ್ಲಿ ಕಲಿಸಿದ್ದರು. ಪಾಚಿಯ ರೂಪದಲ್ಲಿಯೂ ಬರಬಹುದೆಂದು ಯಾರೂ ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ. ಯಾರಿಗೆ ಗೊತ್ತು, ಬೆಳಿಗ್ಗೆ ದೇವರು ಅರ್ಧ ಮಾಡಿದ ಕೆಲಸವನ್ನು ಇವನೇ ದಿನವಿಡೀ ತಡೆದು ನಿಲ್ಲಿಸಿರಬಹುದು.

ಪಾಸ್ಟರ್ ಕೆಂಪಯ್ಯ ಹಿಂದೆಯೇ ಬಂದರು.

"ಪಾಸ್ಟರ್," ಎಂದ ಪ್ರೇಮಕುಮಾರ, "ನಾ ಖರೇನs ಮುಳುಗಿದ್ರ ಇಲ್ಲಿ ಪ್ರಸಂಗ ಹೇಳಬಹುದೇನ್ರಿ?"

"ದೇವರು ಕರೆದೋನ್ನ ತಡೆಯೋಕೆ ನಾನ್ಯಾರಪ್ಪ?" ಎಂದರು ಪಾಸ್ಟರು. "ನೀರು ರೆಡಿ ಐತೆ."

ಅದು ಉತ್ತರವಲ್ಲ ಎಂದು ಹಂಚಿನಮನಿಯವರಾಗಿದ್ದರೆ ಗುರುತಿಸುತ್ತಿದ್ದರು. ಪ್ರೇಮಕುಮಾರ ಬೂಟು ಬಿಚ್ಚಿದ.

ಬೆಳಿಗ್ಗೆ ಬೇಡವೆಂದರೂ ಸಲೀಸಾಗಿ ಮುಳುಗಿದವನು ಈಗ ಬೇಕೆಂದರೂ ಮುಳುಗಲಿಲ್ಲ. ನಿಜಲಿಂಗಪ್ಪನ ಅಂಗಿಯೊಳಗೆ ಗಾಳಿ ತುಂಬಿಕೊಂಡು ಅದು ಬಲೂನಿನಂತೆ ಉಬ್ಬಿ, ಪ್ರೇಮಕುಮಾರ ನೀರಿನ ಮೇಲೆ ತೇಲತೊಡಗಿದ. ಪಾಸ್ಟರು ತಲೆ ಒತ್ತಿದರೆ ಕಾಲು ಮೇಲೆ ಬಂತು, ಕಾಲು ಹಿಡಿದರೆ ಹೊಟ್ಟೆ ಮೇಲೆ ಬಂತು. ಕೊನೆಗೆ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು ಪ್ಯಾಂಟು ಮಡಚಿ ಕೊಳಕ್ಕಿಳಿದು, ಸೂಟ್‌ಕೇಸು ಮುಚ್ಚುವವರಂತೆ ಎರಡು ಕಡೆಯಿಂದ ಅದುಮಿದರು. ಮೂರೂ ಹೆಸರುಗಳು ಕ್ರಮವಾಗಿ, ಸ್ಪಷ್ಟವಾಗಿ, ಮೈಕಿನಲ್ಲಿ ಹೇಳಲ್ಪಟ್ಟವು. ಪ್ರೇಮಕುಮಾರ ಎದ್ದ. ಗಿಟಾರು ಮೊಳಗಿತು, ಜನ ಹಾಡತೊಡಗಿದರು.

ಅವನ ಮೊಬೈಲು ಹಿಡಿದು ನಿಂತಿದ್ದ ಸಹೋದರಿಯೊಬ್ಬಳು ಓಡಿ ಬಂದಳು. "ಬ್ರದರ್, ಆಗಿಂದ ಹೊಡ್ಕೋತಾನೇ ಇದೆ."

ಹಂಚಿನಮನಿಯವರ ದನಿ. ಅಷ್ಟು ಮೆತ್ತಗಿನ ದನಿಯನ್ನು ಪ್ರೇಮಕುಮಾರ ಅವರಿಂದ ಕೇಳಿರಲಿಲ್ಲ. "ಎಲ್ಲಿ ಇದ್ದೀಯಪಾ? ನಿನ್ನ ಗೆಳ್ಯಾ ತಾನs ನಮ್ಮ ಕಡೆ ಬಂದಾನ. ಮುಂಜಾನೆ ನಿನ್ನ ಎತ್ತುವಾಗ ಅವನ ಮೊಬೈಲೂ ಟಾಕ್ಯಾಗ ಬಿತ್ತಂತ, ಅದರ ರಿಪೇರಿಗೆ ಅಡ್ಡಾಡಿದನಂತ, ಅದಕ್ಕs ನಿನಗ ಸಿಕ್ಕಿಲ್ಲ. ಎಲ್ಲಾ ಬಿಡಿಸಿ ಹೇಳಿದ. ಆ ಟಾಕೀ ಅಂಚಿನ ಪಾಚೀನೂ ನಾನs ಹೋಗಿ ನೋಡಿ ಬಂದೆ. ಖರೇ ಅದ, ನೀ ಬಿದ್ದೀದಿ. ನಿನ್ನ ಮ್ಯಾಲೆ ಏನೂ ತಪ್ಪಿಲ್ಲ. ನೀನs ನಮ್ಮ ಪಾಲಕ. ಗ್ರೂಪಿನ್ಯಾಗ ಹಾಕಿಸೇನಿ, ಹೆಸರು ಮದ್ಲ ನಿನಗs ಹೇಳಬೇಕಂತ ತಡದೇನಿ. ಕೇಳಸ್ತದ? ಹಿಂದ ಏನ್ ಗದ್ದಲಾ ಅದು?"

"ದೀಕ್ಷಾಸ್ನಾನ ನಡದೈತ್ರಿ ಸರ."

"ಯಾರ್ದು?"

ನೀರು ತೊಟ್ಟಿಕ್ಕುವ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿರಬೇಕು.

"ನಂದ್ರಿ."

ಹಂಚಿನಮನಿಯವರು ಫೋನು ಕಟ್ಟು ಮಾಡಿದರು.

ಪ್ರೇಮಕುಮಾರ ಟವೆಲ್ಲು ಹೊದ್ದು ಪಾಸ್ಟರ ಬಳಿ ಹೋದ. ಹೋದದ್ದು ಹೋಯಿತು, ಈಗ ಉಳಿದಿರುವುದು ಇದೊಂದೇ. "ಪಾಸ್ಟರ್, ನಾಳೆ ಪ್ರಸಂಗ ನಾ ಹೇಳ್ಲೇನ್ರಿ?"

"ನಾಳೆಯಾ?" ಕೆಂಪಯ್ಯ ಪ್ರೀತಿಯಿಂದ ನಕ್ಕರು. "ಹೊಸಬ ಪೀಠ ಹತ್ತಬಾರದು ಕಣಪ್ಪ, ಗರ್ವ ಬತ್ತದೆ. ಅಪೊಸ್ತಲರ ಕಾಲದ ನಿಯಮ ಅದು. ಒಂದು ವರ್ಷ ಕೂತ್ಕೊಂಡು ಕೇಳು. ಕುರ್ಚಿ ಹಾಕೋದು, ಎತ್ತೋದು ಮಾಡು. ಆಮೇಲೆ ನೋಡಾಣ."

"ನಾ ಹೊಸಬ ಅಲ್ರಿ. ಬೈಬಲ್ ಕಾಲೇಜು ಮುಗಿಸೀನಿ."

"ಅದು ಮುಳುಗೋಕೆ ಮುಂಚೆ," ಎಂದರು ಪಾಸ್ಟರು. "ಹಳೇದೆಲ್ಲಾ ತೊಳ್ಕೊಂಡು ಹೋಯ್ತಲ್ಲ!"

ಮತ್ತೆ ಫೋನು ಬಡಿದುಕೊಂಡಿತು. ಹಂಚಿನಮನಿಯವರದೇ ನಂಬರು, ಮಾತಾಡಿದವನು ಬಾಬು. ಅವನ ದನಿ ಅಳುವಂತಿತ್ತು.

"ಬ್ರದರ್, ಏನೋ ಆಗೋಯ್ತು ಇಲ್ಲಿ. ನಿಮ್ ಜೊತೆ ಮಾತಾಡಿ ಆದ್ಮೇಲೆ ಅಂಕಲ್ ಫೋನ್ ಕೆಳಗಿಟ್ರು. ಆಮೇಲೆ ನನ್ನ ಕೇಳಿದ್ರು, ನಿನಗೆ ಎಷ್ಟು ಸಲ ದೀಕ್ಷಾಸ್ನಾನ ಆಗಿದೆ ಅಂತ. ಒಂದೇ ಸಲ ಸಾರ್ ಅಂದೆ. ಚಿಕ್ಕೋನಿದ್ದಾಗ ಚಿಮುಕಿಸಿಲ್ವಾ ಅಂದ್ರು. ನಮ್ಮನೇಲಿ ಚರ್ಚಿಗೆ ಕಾಲಿಟ್ಟೋನು ನಾನೇ ಫಸ್ಟು, ಯಾರು ಚಿಮುಕಿಸ್ತಾರೆ ಸಾರ್ ಅಂದೆ."

"ಅದಕ್ಕ?"

"ಚಿಮುಕಿಸಲಿ, ಮುಳುಗಿಸಲಿ, ಒಂದೇ ಸಲ ಆಗಿದ್ರೆ ನಮ್ಮಲ್ಲಿ ಊರ್ಜಿತ ಅಂದ್ರು. ಎರಡಾದ್ರೆ ಮಾತ್ರ ತೊಂದ್ರೆ ಅಂತೆ. ನಾಳೆ ಹೊಸ ಪಾಲಕರು ಬರ್ತಾರೆ ಅಂತ ಗ್ರೂಪಲ್ಲಿ ಹಾಕಾಗಿದೆ, ಹಾಕಿದ್ದು ಸುಳ್ಳಾಗಬಾರದು ಅಂತಾರೆ. ನನ್ನೇ ನಿಲ್ಲು ಅಂತಿದ್ದಾರೆ ಬ್ರದರ್! ಬೇಡ ಅಂದೆ, ಇದು ಪ್ರೇಮ್ ಬ್ರದರ್ ಜಾಗ ಅಂದೆ. ಆ ಇನ್ನೊಬ್ಬ ಅಂಕಲ್ ಇದಾರಲ್ಲ, ಅವರು 'ಹುಡುಗ ಸಾಫ್ ಅದಾನ' ಅಂತ ಸಹಿ ಹಾಕಿ ಊಟಕ್ಕೆ ಹೋಗ್ಬಿಟ್ರು."

ಶೆಡ್ಡಿನಲ್ಲಿ ಹಾಡು ಇನ್ನೊಂದು ಸುತ್ತು ಮೇಲೇರಿತು. ಪ್ರೇಮಕುಮಾರನನ್ನು ಕುರಿತು ಹಾಡುತ್ತಿದ್ದರು.

"ಕೋಪ ಮಾಡ್ಕೋಬೇಡಿ ಬ್ರದರ್. ಒಂದು ಹೆಲ್ಪ್ ಮಾಡಿ. ನಮ್ಮಲ್ಲಿ ಒಂದೂವರೆ ಗಂಟೆಗಿಂತ ಕಮ್ಮಿ ಪ್ರಸಂಗ ನಾನು ಮಾಡೇ ಇಲ್ಲ. ಇವರು ಹದಿನೈದೇ ನಿಮಿಷ ಅಂತಾರೆ, ಅದೂ ಬರ್ಕೊಂಡು ಓದ್ಬೇಕಂತೆ. ನಂಗೆ ಬರಿಯೋಕೆ ಬರಲ್ಲ. ನೀವು ಬರ್ಕೊಡ್ತೀರಾ?"

ಪ್ರೇಮಕುಮಾರ ಕಣ್ಣೊಳಗೆ ಇಳಿಯುತ್ತಿದ್ದ ನೀರನ್ನು ನಿಜಲಿಂಗಪ್ಪನ ಅಂಗಿಯ ತೋಳಿನಿಂದ ಒರೆಸಿಕೊಂಡ. ಆ ತೋಳೂ ಒದ್ದೆಯಾಗಿತ್ತು.

"ವಿಷಯ ಏನು ಕೊಟ್ಟಾರ?"

"ದೇವರ ಕರೆಯನ್ನು ಗುರುತಿಸುವುದು ಹೇಗೆ, ಅಂತ."

ಪ್ರೇಮಕುಮಾರ ಡಾಲ್ಫಿನ್ನುಗಳ ಪಕ್ಕ ಕೂತು ಬೂಟು ಹಾಕಿಕೊಳ್ಳತೊಡಗಿದ.

"ಹದಿನೈದು ನಿಮಿಷ ಭಾಳ ಆತು, ಬಾಬು," ಎಂದ.